ಮಗುವಿನ ಮಾತು ಬಲ್ಲ ಟೀಚರ್

1512ರಲ್ಲಿ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ಡಿ ಅಲ್ಬುಕರ್ಕ್ ಕೊಚ್ಚಿಯಿಂದ ತನ್ನ ರಾಜನಿಗೆ ಒಂದು ಕಾಗದ ಬರೆದ. ಯುದ್ಧ ಮತ್ತು ವ್ಯಾಪಾರದ ಸುದ್ದಿಗಳ ನಡುವೆ ಒಂದು ಸಣ್ಣ ವಿಷಯವನ್ನೂ ಆತ ಸೇರಿಸಿದ. ಮಕ್ಕಳಿಗೆ ಅಕ್ಷರ ಕಲಿಸುವ ಪುಸ್ತಕಗಳ ಪೆಟ್ಟಿಗೆಯೊಂದು ಕೊಚ್ಚಿಯಲ್ಲಿ ಸಿಕ್ಕಿತು, ಅದು ಸುಮ್ಮನೆ ಹಾಳಾಗಬಾರದೆಂದು ಒಬ್ಬನನ್ನು ನೇಮಿಸಿ ಶಾಲೆ ತೆರೆಸಿದ್ದೇನೆ, ಸುಮಾರು ನೂರು ಹುಡುಗರು ಓದುತ್ತಿದ್ದಾರೆ, ಬಹಳ ಚುರುಕಾಗಿ ಕಲಿಯುತ್ತಾರೆ ಎಂಬುದು ಆ ವಿಷಯ. ಇಂದು ನಾವು ವೈಟ್ಟಿಲದಿಂದ ಬಸ್ಸು ಹತ್ತಿ ಒಂದು ಗಂಟೆಯೊಳಗೆ ತಲುಪುವ ಫೋರ್ಟ್ ಕೊಚ್ಚಿಯ ಕಡೆಯ ಕಥೆ ಇದು. ಮನೆಯಲ್ಲಿ ಮಲಯಾಳಂ ಕೇಳಿ ಬೆಳೆದ ಮಗುವಿನ ಮುಂದೆ ಯುರೋಪಿನ ಭಾಷೆಯ ಪುಸ್ತಕ ಬಿಚ್ಚಿಟ್ಟ ಶಾಲೆ ಈ ಊರಿನಲ್ಲಿ ಐನೂರು ವರ್ಷಗಳ ಹಿಂದೆಯೇ ಇತ್ತು.

ಅಲ್ಲಿಂದ ಇಲ್ಲಿಯವರೆಗೆ ಪುಸ್ತಕ ಬದಲಾಗಿದೆ, ಭಾಷೆಯೂ ಬದಲಾಗಿದೆ. ಬದಲಾಗದ್ದು ಒಂದೇ: ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆಗಿರುವ ಮಗು. ಅಮೆರಿಕದಲ್ಲಿ ಇಂಥ ಮಕ್ಕಳನ್ನು ‘ಇಂಗ್ಲಿಷ್ ಲ್ಯಾಂಗ್ವೇಜ್ ಲರ್ನರ್’ ಎಂದು ಕರೆಯುತ್ತಾರೆ, ಅವರಿಗೆ ಕಲಿಸುವ ಪ್ರಾಥಮಿಕ ಶಾಲಾ ಶಿಕ್ಷಕಿ ಆಗುವುದು ಅಲ್ಲಿ ಪ್ರತ್ಯೇಕ ವೃತ್ತಿ. ಆ ಅರ್ಥದಲ್ಲಿ ನೋಡಿದರೆ ನಮ್ಮ ದೇಶದ ಒಂದನೇ ತರಗತಿಯ ಬಹುತೇಕ ಮಕ್ಕಳು ಇಂಗ್ಲಿಷ್ ಕಲಿಯುವ ಹೊಸಬರೇ. ಹಾಗಾದರೆ ಅವರ ಟೀಚರ್ ಆಗುವುದಕ್ಕೆ ಏನು ಬೇಕು? ಚೆನ್ನಾಗಿ ಇಂಗ್ಲಿಷ್ ಬಂದರೆ ಸಾಕೇ? ಕೊಚ್ಚಿ, ತಿರುವನಂತಪುರ, ಮಂಗಳೂರು, ಬೆಂಗಳೂರುಗಳ ಇತಿಹಾಸ ಈ ಪ್ರಶ್ನೆಗೆ ಹೆಚ್ಚು ಕಡಿಮೆ ಒಂದೇ ಉತ್ತರ ಕೊಡುತ್ತದೆ. ಕಲಿಸಬೇಕಾದ ಭಾಷೆ ಗೊತ್ತಿರಬೇಕು ನಿಜ, ಅದರ ಜೊತೆಗೆ ಮಗುವಿನ ಭಾಷೆಯೂ ಸ್ವಲ್ಪ ಗೊತ್ತಿರಬೇಕು. ಈ ಎರಡನೆಯದನ್ನು ಮರೆತಾಗಲೆಲ್ಲ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ಮಗು ಮೌನವಾಗಿ ಕೂತಿದೆ.

ರಾಜರ ಶಾಲೆಗಳು, ಮಿಷನ್ ಶಾಲೆಗಳು

ದಕ್ಷಿಣದ ಮೂರು ಸಂಸ್ಥಾನಗಳು ಹತ್ತು ಹನ್ನೆರಡು ವರ್ಷಗಳ ಅಂತರದಲ್ಲಿ ಇಂಗ್ಲಿಷ್ ಶಾಲೆ ತೆರೆದವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಆರಂಭಿಸಿದ ಶಾಲೆ ಮುಂದೆ ಮಹಾರಾಜಾ ಕಾಲೇಜಾಯಿತು. ತಿರುವನಂತಪುರದಲ್ಲಿ ಸ್ವಾತಿ ತಿರುನಾಳ್ ಕಾಲದಲ್ಲಿ, 1830ರ ದಶಕದಲ್ಲಿ, ಶುರುವಾದ ಇಂಗ್ಲಿಷ್ ಶಾಲೆಯಿಂದ ಯೂನಿವರ್ಸಿಟಿ ಕಾಲೇಜು ಬೆಳೆಯಿತು. ಎರ್ನಾಕುಲಂನಲ್ಲಿ ದಿವಾನ ಶಂಕರ ವಾರಿಯರ್ 1845ರಲ್ಲಿ ಒಂದು ಕೋಣೆಯಲ್ಲಿ ಶುರುಮಾಡಿಸಿದ ಪ್ರಾಥಮಿಕ ಇಂಗ್ಲಿಷ್ ಶಾಲೆ ಇಂದಿನ ಮಹಾರಾಜಾಸ್ ಕಾಲೇಜು. ಮೆಟ್ರೋದಲ್ಲಿ ನಾವು ದಾಟಿ ಹೋಗುವ ಆ ನಿಲ್ದಾಣದ ಹೆಸರಿನ ಹಿಂದೆ ಒಂದು ಎಲಿಮೆಂಟರಿ ಶಾಲೆ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ.

ಆದರೆ ಈ ಶಾಲೆಗಳ ಉದ್ದೇಶ ಸೀಮಿತವಾಗಿತ್ತು. ಆಡಳಿತಕ್ಕೆ ಇಂಗ್ಲಿಷ್ ಬಲ್ಲ ಗುಮಾಸ್ತರು, ಅಧಿಕಾರಿಗಳು ಬೇಕಿದ್ದರು. ಬಂದವರು ಹುಡುಗರು, ಅದರಲ್ಲೂ ಮೇಲುಜಾತಿಯ, ಅನುಕೂಲಸ್ಥ ಮನೆಯವರೇ ಹೆಚ್ಚು. ಮನೆಯ ಮಾತಿನಲ್ಲಿ ಓದುಬರಹ ಕಲಿತ ಮೇಲೆ ಇಂಗ್ಲಿಷಿಗೆ ಬರುವವರು ಅವರು. 1854ರ ವುಡ್ ಅವರ ಶಿಕ್ಷಣ ವರದಿಯೂ ಪ್ರಾಥಮಿಕ ಶಿಕ್ಷಣ ದೇಶಭಾಷೆಗಳಲ್ಲಿ ನಡೆಯಲಿ, ಇಂಗ್ಲಿಷ್ ಬೇಡಿಕೆ ಇರುವಲ್ಲಿ ಮೇಲಿನ ಹಂತದಲ್ಲಿ ಬರಲಿ ಎಂಬ ದಾರಿಯನ್ನೇ ತೋರಿಸಿತು.

ಮಗುವಿನ ಭಾಷೆಯನ್ನು ಮೊದಲು ಕಲಿತು ಆಮೇಲೆ ಪಾಠಕ್ಕೆ ನಿಂತವರು ಯಾರು ಎಂದು ಹುಡುಕಿದರೆ ನಮ್ಮ ಕರಾವಳಿಯೇ ಎದುರಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಸ್ಥಳೀಯ ಭಾಷೆ ಕಲಿಯುವುದು ಕೆಲಸದ ಮೊದಲ ಮೆಟ್ಟಿಲಾಗಿತ್ತು. ಅವರ ಧರ್ಮಪ್ರಚಾರದ ಉದ್ದೇಶದ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ, ಇರಲಿ. ಭಾಷೆಯ ಮಟ್ಟಿಗೆ ಅವರ ಶ್ರಮ ದೊಡ್ಡದು. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಅದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರ ಮಲಯಾಳಂ ನಿಘಂಟು ಅದಕ್ಕೂ ಮೊದಲು, 1872ರಲ್ಲಿ ಬಂದಿತ್ತು. ಗುಂಡರ್ಟ್ ನಿಘಂಟುಕಾರರಷ್ಟೇ ಆಗಿರಲಿಲ್ಲ. 1857ರಲ್ಲಿ ಸರ್ಕಾರ ಅವರನ್ನು ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್ಸ್‌ಪೆಕ್ಟರ್ ಆಗಿ ನೇಮಿಸಿತು. ಕನ್ನಡದ ಮಕ್ಕಳೂ ಮಲಯಾಳಂ ಮಕ್ಕಳೂ ಒಬ್ಬನೇ ಇನ್ಸ್‌ಪೆಕ್ಟರ್ ಕೈಕೆಳಗೆ ಓದಿದ ಕಾಲ ಅದು. ಅವರ ಪತ್ನಿ ಜೂಲಿ ಫ್ರೆಂಚ್ ಮಾತಾಡುವ ಸ್ವಿಟ್ಜರ್ಲೆಂಡ್ ಕಡೆಯವರು. ಆಕೆ ತಲಶ್ಶೇರಿಯಲ್ಲಿ ಹುಡುಗಿಯರಿಗಾಗಿ ಶಾಲೆ ನಡೆಸಿದರು. ನಿಘಂಟಿನಿಂದಾಗಿ ಗಂಡನ ಹೆಸರು ಎಲ್ಲರಿಗೂ ಗೊತ್ತು. ಹುಡುಗಿಯರಿಗೆ ಅಕ್ಷರ ಕಲಿಸಿದ ಹೆಂಡತಿಯ ಹೆಸರನ್ನು ನಮ್ಮಂಥ ಸಂಚಿಕೆಗಳಲ್ಲಾದರೂ ನೆನೆಯೋಣ.

ತಿರುವನಂತಪುರದಲ್ಲಿ ಇದಕ್ಕೆ ಸಮನಾದ ಇನ್ನೊಂದು ಕಥೆ ಇದೆ. ಆಗಸ್ಟಾ ಬ್ಲಾಂಡ್‌ಫೋರ್ಡ್ ಎಂಬ ಇಂಗ್ಲಿಷ್ ಮಹಿಳೆ 1860ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದರು. 1864ರಲ್ಲಿ ಕೋಟೆಯೊಳಗೆ, ಅಂದರೆ ಪದ್ಮನಾಭಸ್ವಾಮಿ ದೇವಸ್ಥಾನದ ಸುತ್ತಲಿನ ವಠಾರದಲ್ಲಿ, ಮೇಲುಜಾತಿಯ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಆ ಕಾಲಕ್ಕೆ ಇದು ಸುಲಭದ ಮಾತಲ್ಲ. ಮನೆಯ ಹೊಸಿಲು ದಾಟಿ ಹುಡುಗಿಯರು ಬರಬೇಕು, ಅದೂ ಪರದೇಶದ ಹೆಂಗಸಿನ ಬಳಿಗೆ. ಮೊದಲಿಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಹಲವು ದಶಕ ಆಕೆ ಅಲ್ಲೇ ನಿಂತು ಕಲಿಸಿದರು. ಇಂಥ ಕಡೆ ಬರಿಯ ಇಂಗ್ಲಿಷ್ ಜ್ಞಾನದಿಂದ ಏನೂ ನಡೆಯುತ್ತಿರಲಿಲ್ಲ. ಮಗುವಿನ ಅಜ್ಜಿಯೊಡನೆ, ತಾಯಿಯೊಡನೆ ಮಾತಾಡಲು ಬಾರದ ಟೀಚರ್ ಕೈಗೆ ಆ ಕಾಲದಲ್ಲಿ ಯಾರು ಮಗುವನ್ನು ಒಪ್ಪಿಸುತ್ತಾರೆ?

ವಿಧಾನಗಳ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಕಲಿಸುವುದೇ ಒಂದು ಶಾಸ್ತ್ರವಾಯಿತು. ಢಾಕಾದಲ್ಲಿ ಕೆಲಸ ಮಾಡಿದ ಮೈಕೇಲ್ ವೆಸ್ಟ್ 1926ರಲ್ಲಿ ಬಂಗಾಳದ ದ್ವಿಭಾಷಾ ಮಕ್ಕಳ ಬಗ್ಗೆ ಪುಸ್ತಕ ಬರೆದರು. ಎಲ್ಲಾ ಮಕ್ಕಳೂ ಇಂಗ್ಲಿಷ್ ಭಾಷಣ ಮಾಡಬೇಕಿಲ್ಲ, ಓದಿ ಅರ್ಥ ಮಾಡಿಕೊಳ್ಳುವುದು ಮೊದಲು ಬರಲಿ, ಅದಕ್ಕೆ ಕಡಿಮೆ ಪದಗಳ ಸುಲಭ ಪುಸ್ತಕಗಳು ಬೇಕು ಎಂಬುದು ಅವರ ವಾದ. ನಮ್ಮ ತಂದೆತಾಯಿಯರ ಕಾಲದ ಇಂಗ್ಲಿಷ್ ರೀಡರುಗಳಲ್ಲಿ ಪಾಠಕ್ಕೆ ಇಂತಿಷ್ಟೇ ಹೊಸ ಪದ ಎಂಬ ಲೆಕ್ಕ ಇರುತ್ತಿದ್ದುದು ಇಂಥ ಯೋಚನೆಯಿಂದಲೇ.

ಸ್ವಾತಂತ್ರ್ಯದ ನಂತರ ಸಮಸ್ಯೆಯ ಗಾತ್ರ ಬದಲಾಯಿತು. ಲಕ್ಷಾಂತರ ಮಕ್ಕಳು ಶಾಲೆಗೆ ಬಂದರು. ಇಂಗ್ಲಿಷ್ ಕಲಿಸಬೇಕಾದ ಶಿಕ್ಷಕರು ಹಳ್ಳಿ ಹಳ್ಳಿಗಳಲ್ಲಿ ಹರಡಿದ್ದರು. 1959ರಲ್ಲಿ ಆಗಿನ ಮದ್ರಾಸ್ ರಾಜ್ಯದಲ್ಲಿ ಒಂದು ದೊಡ್ಡ ಪ್ರಯತ್ನ ಶುರುವಾಯಿತು. ಹೊಸದಾಗಿ ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಪಾಠ ಮಾಡುವ 27,000 ಶಿಕ್ಷಕರಿಗೆ ಮರುತರಬೇತಿ ಕೊಡುವುದು ಅದರ ಗುರಿ. ಕೆಲವರಿಗೆ ತರಬೇತಿ, ಅವರಿಂದ ಇನ್ನಷ್ಟು ಜನರಿಗೆ, ಅವರಿಂದ ಮತ್ತಷ್ಟು ಜನರಿಗೆ. ಉರುಳುತ್ತಾ ದೊಡ್ಡದಾಗುವ ಹಿಮದ ಉಂಡೆಯ ಹಾಗೆ ಎಂದು ಇದಕ್ಕೆ ‘ಮದ್ರಾಸ್ ಸ್ನೋಬಾಲ್’ ಎಂದೇ ಹೆಸರು ಬಿತ್ತು. ನಮ್ಮ ಐಟಿ ಕಂಪನಿಗಳಲ್ಲೂ ಹೊಸ ಸಾಫ್ಟ್‌ವೇರ್ ಬಂದರೆ ತರಬೇತಿ ಇದೇ ರೀತಿ ಕೆಳಗಿಳಿಯುತ್ತದೆ, ಕೊನೆಯವರಿಗೆ ತಲುಪುವಾಗ ಬರೀ ಸ್ಲೈಡುಗಳು ಉಳಿದಿರುತ್ತವೆ. ಭಾಷೆ ಕಲಿಸುವ ವಿಷಯದಲ್ಲೂ ಈ ಅಪಾಯ ಇದ್ದೇ ಇರುತ್ತದೆ. ವಾಕ್ಯದ ಮಾದರಿಗಳನ್ನು ಹೇಳಿಕೊಡುವುದು ಸುಲಭ, ಮಗುವಿನ ಮುಖ ನೋಡಿ ಅರ್ಥವಾಯಿತೇ ಎಂದು ತಿಳಿಯುವುದನ್ನು ಸ್ಲೈಡಿನಲ್ಲಿ ಕೊಡಲಾಗದು.

1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಕರ್ನಾಟಕ, ಕೇರಳ, ಆಂಧ್ರ, ತಮಿಳುನಾಡುಗಳ ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡುವ ಈ ಸಂಸ್ಥೆ ಈಗಲೂ ಜ್ಞಾನಭಾರತಿ ಆವರಣದಲ್ಲಿದೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯರು 30 ದಿನಗಳ ಕೋರ್ಸಿಗೆ ಅಲ್ಲಿಗೆ ಬಂದು ಹಾಸ್ಟೆಲಿನಲ್ಲಿದ್ದು ಕಲಿತು ಹೋಗುತ್ತಾರೆ. ಮನೆ, ಮಕ್ಕಳು, ಗಂಡ ಎಲ್ಲವನ್ನೂ ಬಿಟ್ಟು ಒಂದು ತಿಂಗಳು ವಿದ್ಯಾರ್ಥಿನಿಯಾಗುವುದು ಎಂದರೇನು ಎಂಬುದು ನಮ್ಮ ವೇದಿಕೆಯ ಸದಸ್ಯೆಯರಿಗೆ ಬೇರೆಯಾಗಿ ಹೇಳಬೇಕಿಲ್ಲ.

ಇದೇ ಸಂಸ್ಥೆಯ ಆಶ್ರಯದಲ್ಲಿ 1979ರಿಂದ 1984ರವರೆಗೆ ಎನ್.ಎಸ್. ಪ್ರಭು ನಡೆಸಿದ ಪ್ರಯೋಗ ಜಗತ್ತಿನ ಭಾಷಾ ಶಿಕ್ಷಕರಿಗೆಲ್ಲ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಪರಿಚಿತ. ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳ ಕೆಲವು ತರಗತಿಗಳಲ್ಲಿ ವ್ಯಾಕರಣದ ಪಾಠ ಬದಿಗಿಟ್ಟು ಮಕ್ಕಳ ಕೈಗೆ ಕೆಲಸ ಕೊಟ್ಟರು. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಮೊದಲು ತಲುಪುತ್ತದೆ ಹೇಳಿ, ನಕ್ಷೆ ನೋಡಿ ದಾರಿ ಹುಡುಕಿ, ಹೀಗೆ. ಮಗುವಿನ ಗಮನ ಉತ್ತರದ ಮೇಲಿರುತ್ತದೆ, ಭಾಷೆ ಅದರ ಜೊತೆಯಲ್ಲಿ ಒಳಗಿಳಿಯುತ್ತದೆ. ಮಕ್ಕಳು ಲೆಕ್ಕ ಹಾಕುವಾಗ ತಮ್ಮ ತಮ್ಮೊಳಗೆ ಮನೆಮಾತಿನಲ್ಲಿ ಮಾತಾಡಿಕೊಂಡರೆ ಅದಕ್ಕೆ ತಡೆ ಇರಲಿಲ್ಲ. 1987ರಲ್ಲಿ ಪ್ರಭು ಇದರ ಬಗ್ಗೆ ಪುಸ್ತಕ ಬರೆದರು. ಇವತ್ತು ‘ಟಾಸ್ಕ್ ಬೇಸ್ಡ್’ ಎಂದು ಹೊರದೇಶಗಳಿಂದ ಬರುವ ವಿಧಾನದ ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. 1990ರಲ್ಲಿ ಅವರು ಬರೆದ ಲೇಖನವೊಂದರ ವಾದ ಇನ್ನೂ ಮುಖ್ಯ. ಎಲ್ಲರಿಗೂ, ಎಲ್ಲ ಕಡೆಗೂ ಒಂದೇ ಅತ್ಯುತ್ತಮ ವಿಧಾನ ಎಂಬುದಿಲ್ಲ. ತನ್ನ ಎದುರಿನ ಮಕ್ಕಳು ಹೇಗೆ ಕಲಿಯುತ್ತಿದ್ದಾರೆ ಎಂಬ ಶಿಕ್ಷಕಿಯ ಸ್ವಂತ ತಿಳಿವಳಿಕೆ ಜೀವಂತವಾಗಿರಬೇಕು ಎಂಬುದು ಅದರ ಸಾರ.

ಒಂದನೇ ತರಗತಿಗೆ ಬಂದ ಇಂಗ್ಲಿಷ್

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ನಮ್ಮ ಅಕ್ಕಂದಿರ ಕಾಲದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಯಲ್ಲಿ. 2007-08ರಲ್ಲಿ ಅದು ಒಂದು ಭಾಷೆಯಾಗಿ ಒಂದನೇ ತರಗತಿಗೇ ಇಳಿಯಿತು. ಆಗ ನಡೆದ ವಾದವಿವಾದ ನೆನಪಿರಬಹುದು. ಒಂದು ಕಡೆ ಕನ್ನಡಕ್ಕೆ ಕುತ್ತು ಎಂಬ ಆತಂಕ, ಇನ್ನೊಂದು ಕಡೆ ಬಡವರ ಮಕ್ಕಳಿಗೇಕೆ ಇಂಗ್ಲಿಷ್ ಬೇಡ ಎಂಬ ನ್ಯಾಯವಾದ ಪ್ರಶ್ನೆ. ಎರಡರಲ್ಲೂ ಸತ್ಯವಿದೆ. ಆದರೆ ಇದೆಲ್ಲದರ ಭಾರ ಬಿದ್ದದ್ದು ಟಿಸಿಎಚ್ ಮುಗಿಸಿದ, ತಾವೂ ಕನ್ನಡ ಮಾಧ್ಯಮದಲ್ಲೇ ಓದಿದ, ಈಗ ಒಂದನೇ ತರಗತಿಗೆ ಇಂಗ್ಲಿಷ್ ಹೇಳಿಕೊಡಬೇಕಾದ ಟೀಚರುಗಳ ಮೇಲೆ. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಗೇಲಿ ಮಾಡಿದವರು ಬಹಳ. ಅವರ ಬಳಿ ಇದ್ದ ದೊಡ್ಡ ಆಸ್ತಿಯನ್ನು ಗಮನಿಸಿದವರು ಕಡಿಮೆ: ಮಗು ಯಾವ ಕನ್ನಡದಲ್ಲಿ ಯೋಚಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಪ್ರಾಥಮಿಕ ಶಾಲೆಯ ಟೀಚರ್ ಕೆಲಸ ಯಾರು ಬೇಕಾದರೂ ಮಾಡಬಹುದು ಎಂಬ ಭಾವನೆ ನಮ್ಮ ಓದಿದವರಲ್ಲಿ ಇದೆ. ಕಾನೂನು ಹಾಗೆ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಂತರ ಒಂದರಿಂದ ಐದನೇ ತರಗತಿಗೆ ಕಲಿಸಲು ದ್ವಿತೀಯ ಪಿಯುಸಿ ಅಥವಾ ಪ್ಲಸ್ ಟು, ಅದರ ಮೇಲೆ ಎರಡು ವರ್ಷದ ಡಿ.ಎಲ್.ಎಡ್., ಆಮೇಲೆ ಅರ್ಹತಾ ಪರೀಕ್ಷೆ ಬೇಕು. ಕೇರಳದಲ್ಲಿ ಆ ಪರೀಕ್ಷೆ ಕೆ-ಟೆಟ್. ಲೋವರ್ ಪ್ರೈಮರಿಗೆ ಕ್ಯಾಟಗರಿ ಒಂದು. 150 ಪ್ರಶ್ನೆ, 150 ಅಂಕ, ಸಾಮಾನ್ಯ ವರ್ಗಕ್ಕೆ ಶೇಕಡಾ 60 ಬಂದರೆ ಪಾಸು. ಅದರಲ್ಲಿ ಮೊದಲ ಭಾಷೆಯಾಗಿ ಮಲಯಾಳಂ, ತಮಿಳಿನ ಜೊತೆ ಕನ್ನಡವನ್ನೂ ಆಯ್ದುಕೊಳ್ಳಬಹುದು ಎಂಬುದು ನಮಗೆ ಸಂತೋಷದ ವಿಷಯ.

ಹೆಚ್ಚು ಓದಿದರೆ ಸಣ್ಣ ಮಕ್ಕಳಿಗೆ ಕಲಿಸಬಹುದಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2018ರಲ್ಲಿ ಬಿ.ಎಡ್. ಆದವರೂ ಒಂದರಿಂದ ಐದನೇ ತರಗತಿಗೆ ಅರ್ಹರು, ನೇಮಕವಾದ ಮೇಲೆ ಆರು ತಿಂಗಳ ಕೋರ್ಸು ಮಾಡಿದರಾಯಿತು ಎಂಬ ಅಧಿಸೂಚನೆ ಬಂದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಬಿ.ಎಡ್. ದೊಡ್ಡ ತರಗತಿಗಳಿಗೆ ಮಾಡಿದ ತರಬೇತಿ, ಪುಟ್ಟ ಮಕ್ಕಳಿಗೆ ಕಲಿಸುವ ಕೌಶಲ ಬೇರೆ ಎಂಬುದು ತೀರ್ಪಿನ ಹುರುಳು. ನನ್ನಂತೆ ಎಂ.ಟೆಕ್ ಮಾಡಿ ಕಂಪ್ಯೂಟರ್ ಮುಂದೆ ಕೂತವರಿಗೂ ಇದರಲ್ಲಿ ಪಾಠವಿದೆ. ಎರಡನೇ ತರಗತಿಯ ಮಗುವಿಗೆ ‘ಬಿ’ ಮತ್ತು ‘ಡಿ’ ಅಕ್ಷರಗಳ ವ್ಯತ್ಯಾಸ ತಿಳಿಸಲು ನನ್ನ ಪದವಿ ಸಾಲದು.

ಕಾಸರಗೋಡಿನ ಅನುಭವ

ಮಗುವಿನ ಭಾಷೆ ಬಾರದ ಟೀಚರ್ ಬಂದರೆ ಏನಾಗುತ್ತದೆ ಎಂಬುದನ್ನು ಕೇರಳದ ಕನ್ನಡಿಗರಿಗೆ ಕಾಸರಗೋಡು ಕಲಿಸಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರ್ಪಡೆಯಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯವನ್ನು ಪ್ರತಿ ರಾಜ್ಯವೂ ಒದಗಿಸಲು ಯತ್ನಿಸಬೇಕು ಎನ್ನುತ್ತದೆ ಆ ವಿಧಿ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಇದೇ ಆಧಾರ.

ಆದರೂ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾದ ಪ್ರಸಂಗಗಳು ಮತ್ತೆ ಮತ್ತೆ ನಡೆದಿವೆ, ತಂದೆತಾಯಿಯರು, ಮಕ್ಕಳು ಶಾಲೆಯ ಮುಂದೆ ಪ್ರತಿಭಟನೆಗೆ ಕೂತಿದ್ದಾರೆ. ಬಂದ ಶಿಕ್ಷಕಿ ತನ್ನ ವಿಷಯದಲ್ಲಿ ಜಾಣೆಯೇ ಇರಬಹುದು. ಆಕೆಯ ಕೈಯಲ್ಲಿ ಪ್ರಮಾಣಪತ್ರ ಇದೆ, ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿದೆ. ಮಗು ಕೈ ಎತ್ತಿ ಕನ್ನಡದಲ್ಲಿ ಸಂಶಯ ಕೇಳಿದಾಗ ಮಾತ್ರ ಪಾಠ ನಿಂತು ಹೋಗುತ್ತದೆ. 2017ರಲ್ಲಿ ಹತ್ತನೇ ತರಗತಿಯವರೆಗೆ ಮಲಯಾಳಂ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂದಾಗಲೂ ಕಾಸರಗೋಡಿನಲ್ಲಿ ದೊಡ್ಡ ಚಳವಳಿ ಆಯಿತು. ಮಲಯಾಳಂ ಮೇಲಿನ ದ್ವೇಷದಿಂದ ಎದ್ದ ಮಾತು ಅದಲ್ಲ. ಗಡಿನಾಡಿನ ಮನೆಗಳಲ್ಲಿ ತುಳು, ಕನ್ನಡ, ಮಲಯಾಳಂ, ಕೊಂಕಣಿ, ಬ್ಯಾರಿ ಎಲ್ಲವೂ ಒಟ್ಟಿಗೆ ಬದುಕುತ್ತವೆ. ಮಗುವಿನ ಮೊದಲ ತಿಳಿವಳಿಕೆಗೆ ಅದರ ಮಾತು ಬೇಕು ಎಂಬುದಷ್ಟೇ ಬೇಡಿಕೆ.

ಇದೇ ಬೇಡಿಕೆಯನ್ನು ನಮ್ಮ ಪಕ್ಕದಲ್ಲೇ ಇರುವ ಇನ್ನೊಂದು ಮಗುವಿಗೂ ಅನ್ವಯಿಸಿ ನೋಡೋಣ. ಆ ಮಗು ಕನ್ನಡದ್ದಲ್ಲ.

ಎರ್ನಾಕುಲಂನ ಬೆಳಗಿನ ತರಗತಿ

ವೈಟ್ಟಿಲ ಹಬ್‌ನಲ್ಲಿ ಬೆಳಗ್ಗೆ ನಿಂತರೆ ಹಿಂದಿ, ಬಂಗಾಳಿ, ಒಡಿಯಾ, ಅಸ್ಸಾಮಿ ಎಲ್ಲವೂ ಕಿವಿಗೆ ಬೀಳುತ್ತವೆ. 2013ರ ಒಂದು ಅಧ್ಯಯನ ಕೇರಳದಲ್ಲಿ ಹೊರರಾಜ್ಯದ ಕಾರ್ಮಿಕರು 25 ಲಕ್ಷಕ್ಕೂ ಹೆಚ್ಚು ಎಂದು ಅಂದಾಜಿಸಿತ್ತು. ನಾವೂ ಹೊರರಾಜ್ಯದವರೇ, ಆದರೆ ನಮ್ಮ ಮಕ್ಕಳಿಗೆ ಸಿಬಿಎಸ್‌ಇ ಶಾಲೆ ಇದೆ, ಶುಲ್ಕ ಕಟ್ಟುವ ಸಂಬಳ ಇದೆ. ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಯಲ್ಲೋ ಕಟ್ಟಡದ ಕೆಲಸದಲ್ಲೋ ಇರುವ ತಂದೆಯ ಜೊತೆ ಬಂದ ಮಗು ಹತ್ತಿರದ ಸರ್ಕಾರಿ ಮಲಯಾಳಂ ಶಾಲೆಗೆ ಹೋಗುತ್ತದೆ. ಅದಕ್ಕೆ ಮಲಯಾಳಂ, ಇಂಗ್ಲಿಷ್ ಎರಡೂ ಹೊಸ ಭಾಷೆ, ಲಿಪಿಯೂ ಹೊಸದು.

ನಮ್ಮ ಮಕ್ಕಳಿಗೆ ಮಲಯಾಳಂ ಕಲಿಯುವಾಗ ಒಂದು ಆಸರೆ ಸಿಗುತ್ತದೆ. ಹಾಲು ಅಲ್ಲಿ ಪಾಲ್, ಹಲ್ಲು ಪಲ್ಲ್, ಹುಳಿ ಪುಳಿ. ಹಳಗನ್ನಡದ ಪಕಾರ ಅಲ್ಲಿ ಹಾಗೇ ಉಳಿದಿದೆ ಎಂದು ಹೇಳಿಬಿಟ್ಟರೆ ಮಗು ತಾನೇ ಹತ್ತು ಪದ ಊಹಿಸುತ್ತದೆ. ಬಿಹಾರದಿಂದ ಬಂದ ಮಗುವಿಗೆ ಈ ಆಸರೆ ಇಲ್ಲ.

ಆಲುವಾ ಹತ್ತಿರದ ಬಿನಾನಿಪುರಂ ಸರ್ಕಾರಿ ಹೈಸ್ಕೂಲಿನ ಅನುಭವದಿಂದ ಹುಟ್ಟಿದ ಉತ್ತರವೇ ‘ರೋಶ್ನಿ’. 2017ರಲ್ಲಿ ಎರ್ನಾಕುಲಂ ಜಿಲ್ಲಾಡಳಿತ ಇದನ್ನು ಯೋಜನೆಯಾಗಿ ಆರಂಭಿಸಿತು. ಆ ಶಾಲೆಯ ಜಯಶ್ರೀ ಟೀಚರ್ ರೂಪಿಸಿದ ಕ್ರಮವೇ ಅದರ ಜೀವಾಳ. ಬಿಪಿಸಿಎಲ್ ಕೊಚ್ಚಿ ರಿಫೈನರಿಯ ಸಾಮಾಜಿಕ ಹೊಣೆಯ ನಿಧಿ ಬೆಂಬಲಕ್ಕೆ ನಿಂತಿತು. ಕೆಲವೇ ಶಾಲೆಗಳಲ್ಲಿ ಶುರುವಾದದ್ದು ಮುಂದೆ ಜಿಲ್ಲೆಯ ಸುಮಾರು 40 ಶಾಲೆಗಳಿಗೆ ಹರಡಿತು.

ಕ್ರಮ ಸರಳ. ಶಾಲೆಯ ಮೊದಲ ಗಂಟೆ ಹೊಡೆಯುವುದಕ್ಕೆ ಮುಂಚೆ ಒಂದೂವರೆ ಗಂಟೆಯ ವಿಶೇಷ ತರಗತಿ, ಜೊತೆಗೆ ಬೆಳಗಿನ ತಿಂಡಿ. ಕಲಿಸುವವರು ಮಲಯಾಳಂ ಜೊತೆಗೆ ಹಿಂದಿ, ಬಂಗಾಳಿ ಅಥವಾ ಒಡಿಯಾ ಬಲ್ಲ ಸ್ವಯಂಸೇವಕಿಯರು. ಪಾಠ ಶುರುವಾಗುವುದು ಮಗುವಿನ ಭಾಷೆಯಲ್ಲಿ. ಮೊದಲ ದಿನ ‘ಏಕ್ ಗ್ಲಾಸ್ ಪಾನಿ’, ಕೆಲವು ದಿನದ ಮೇಲೆ ಅದೇ ವಾಕ್ಯದಲ್ಲಿ ‘ಪಾನಿ’ ಹೋಗಿ ‘ವೆಳ್ಳಂ’ ಬರುತ್ತದೆ, ಆಮೇಲೆ ‘ಏಕ್’ ಹೋಗಿ ‘ಒರು’ ಬರುತ್ತದೆ. ಮಗು ತನ್ನ ಭಾಷೆಯಲ್ಲಿ ಉತ್ತರಿಸಿದರೂ ಉತ್ತರ ಸರಿಯೇ. ಹೊಸ ಭಾಷೆ ಹಳೆಯದರ ಕೈ ಹಿಡಿದು ಒಳಗೆ ಬರುತ್ತದೆ. ಇದಕ್ಕೆ ‘ಕೋಡ್ ಸ್ವಿಚಿಂಗ್’ ಎಂಬ ಹೆಸರಿದೆ. ನಮ್ಮ ಮನೆಗಳಲ್ಲಿ ಕನ್ನಡ, ಇಂಗ್ಲಿಷ್, ಮಲಯಾಳಂ ಬೆರೆಸಿ ಮಾತಾಡುವಾಗ ನಾವು ದಿನವೂ ಮಾಡುವುದನ್ನೇ ಇಲ್ಲಿ ಪಾಠದ ಕ್ರಮವಾಗಿ ಜೋಡಿಸಿದ್ದಾರೆ.

ಮನೆಮಾತಿಗೆ ಜಾಗ ಕೊಟ್ಟರೆ ಹೊಸ ಭಾಷೆ ತಡವಾಗುತ್ತದೆ ಎಂಬ ಹೆದರಿಕೆ ಅನೇಕ ತಂದೆತಾಯಿಯರಿಗಿದೆ. ಇದರ ಬಗ್ಗೆ ಕೆನಡಾದ ವಿದ್ವಾಂಸ ಜಿಮ್ ಕಮ್ಮಿನ್ಸ್ 1979ರಿಂದ ಹೇಳುತ್ತಾ ಬಂದ ಒಂದು ವಿಚಾರ ಉಪಯುಕ್ತ. ಆಟದ ಮೈದಾನದ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಹೊಸ ಭಾಷೆಯಲ್ಲಿ ಗೆಳೆಯರೊಡನೆ ಮಾತಾಡಲು ಮಗುವಿಗೆ ಸುಮಾರು ಎರಡು ವರ್ಷ ಸಾಕು. ವಿಜ್ಞಾನದ ಪಾಠ ಓದಿ ತಿಳಿದು ಬರೆಯಲು ಐದರಿಂದ ಏಳು ವರ್ಷ ಬೇಕಾಗಬಹುದು. ಮಗು ಸಲೀಸಾಗಿ ಮಲಯಾಳಂ ಮಾತಾಡುತ್ತದೆ, ಆದರೂ ಲೆಕ್ಕದಲ್ಲಿ ಹಿಂದೆ, ಆದ್ದರಿಂದ ದಡ್ಡ ಎಂದು ತೀರ್ಮಾನಿಸುವ ಮೊದಲು ಈ ವರ್ಷಗಳ ಅಂತರ ನೆನಪಿರಬೇಕು. ಮನೆಮಾತಿನಲ್ಲಿ ಗಟ್ಟಿಯಾದ ತಿಳಿವಳಿಕೆ ಆ ಅಂತರ ದಾಟಲು ಸೇತುವೆಯಾಗುತ್ತದೆ.

ದಾಟಿದವರ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. ಬಿಹಾರದಿಂದ ಕೆಲಸಕ್ಕೆ ಬಂದ ಕುಟುಂಬವೊಂದರ ಹೆಣ್ಣುಮಗಳು ಇಲ್ಲೇ ಓದಿ 2020ರಲ್ಲಿ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಪದವಿ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಪಡೆದಾಗ ಕೇರಳವೇ ಹೆಮ್ಮೆಪಟ್ಟಿತು. ಆಕೆಯ ವಿಷಯ ಇತಿಹಾಸ ಮತ್ತು ಪುರಾತತ್ವ.

ದೂರದ ಒಂದು ತೀರ್ಪು

ಇಂಥ ಟೀಚರ್ ಇರುವುದು ದಯೆಯೇ, ಹಕ್ಕೇ? ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ ಲಾವ್ ಮತ್ತು ನಿಕೋಲ್ಸ್ ಪ್ರಕರಣದಲ್ಲಿ ಇದಕ್ಕೆ ಉತ್ತರಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ ಸುಮಾರು 1,800 ಮಕ್ಕಳಿಗೆ ಯಾವ ವಿಶೇಷ ನೆರವೂ ಸಿಕ್ಕಿರಲಿಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟಿದ್ದೇವಲ್ಲ ಎಂಬ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಭಾಷೆ ಅರ್ಥವಾಗದ ಮಗುವಿಗೆ ಅದೇ ಪುಸ್ತಕ ಕೊಡುವುದು ಸಮಾನತೆಯಲ್ಲ ಎಂದಿತು. ಅಲ್ಲಿನ ಶಾಲೆಗಳು ಇಂಗ್ಲಿಷ್ ಕಲಿಯುವ ಮಕ್ಕಳಿಗಾಗಿ ಬೇರೆ ಶಿಕ್ಷಕರನ್ನು ಸಿದ್ಧಪಡಿಸಬೇಕಾದದ್ದಕ್ಕೆ ಈ ತೀರ್ಪು ಮುಖ್ಯ ಕಾರಣ. ಆಮೇಲೂ ದಾರಿ ನೇರವಾಗಿರಲಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ನಿಲ್ಲಿಸಿದರು, 2016ರಲ್ಲಿ ಅದೇ ಮತದಾರರು ಅದನ್ನು ವಾಪಸು ತಂದರು.

ನಮ್ಮಲ್ಲಿ ರೋಶ್ನಿಯಂಥ ತರಗತಿಯ ಟೀಚರ್ ಕಾಯಂ ಹುದ್ದೆಯಲ್ಲಿಲ್ಲ, ಆಕೆ ಸ್ವಯಂಸೇವಕಿ. ಕಂಪನಿಯ ನಿಧಿಯ ಮೇಲೆ ನಿಂತ ಯೋಜನೆಗೆ ನಿಧಿ ಮುಂದುವರಿಯುವುದೇ ಎಂಬ ಚಿಂತೆ ತಪ್ಪದು. ಮಕ್ಕಳಿಗೆ ಅತ್ಯಂತ ಅಗತ್ಯವಾದ ಕೆಲಸವನ್ನು ಅತ್ಯಂತ ಅಭದ್ರ ಕೆಲಸವಾಗಿ ಇಟ್ಟಿದ್ದೇವೆ. ಈ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು ಎಂಬುದಕ್ಕೂ ಇದಕ್ಕೂ ಸಂಬಂಧ ಇಲ್ಲವೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಕೈಲಾಗುವುದು

ಎರ್ನಾಕುಲಂ ಜಿಲ್ಲೆ 1990ರ ಫೆಬ್ರವರಿ 4ರಂದು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾಯಿತು. ಮನೆ ಮನೆಗೆ, ದೋಣಿಕಡವಿಗೆ ಹೋಗಿ ಕಲಿಸಿದವರು ಸಾವಿರಾರು ಸ್ವಯಂಸೇವಕರು, ಅವರಲ್ಲಿ ಯುವತಿಯರೂ ಗೃಹಿಣಿಯರೂ ದೊಡ್ಡ ಸಂಖ್ಯೆಯಲ್ಲಿದ್ದರು. 2017ರಲ್ಲಿ ಕೇರಳ ಸಾಕ್ಷರತಾ ಮಿಷನ್ ಪೆರುಂಬಾವೂರಿನಲ್ಲಿ ವಲಸೆ ಕಾರ್ಮಿಕರಿಗೆ ಮಲಯಾಳಂ ಕಲಿಸಲು ‘ಚಂಙಾತಿ’ ಶುರುಮಾಡಿತು. ಚಂಙಾತಿ ಎಂದರೆ ಗೆಳೆಯ. ಅದರ ಪಠ್ಯಪುಸ್ತಕದ ಹೆಸರು ‘ಹಮಾರಿ ಮಲಯಾಳಂ’. ಈ ಊರಿಗೆ ಕಲಿಸುವ ಅಭ್ಯಾಸ ಇದೆ.

ನಮ್ಮ ವೇದಿಕೆಯಲ್ಲಿ ಮದುವೆ, ವರ್ಗಾವಣೆ, ಮಗುವಿನ ಪಾಲನೆ ಎಂದು ಕೆಲಸ ಬಿಟ್ಟ ಅಕ್ಕಂದಿರು, ತಂಗಿಯರು ಎಷ್ಟೋ ಮಂದಿ ಇದ್ದಾರೆ. ಕನ್ನಡ, ಹಿಂದಿ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಮಲಯಾಳಂ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವಷ್ಟು ಬಂದಿದೆ. ಇದನ್ನು ಅರ್ಹತೆ ಎಂದು ಅವರು ಎಣಿಸುವುದಿಲ್ಲ. ಈ ಇತಿಹಾಸ ಓದಿದ ಮೇಲೆ ಎಣಿಸಬೇಕು ಎಂಬುದು ನನ್ನ ಮಾತು. ಕಾಯಂ ಟೀಚರ್ ಆಗಬೇಕೆಂದಿರುವವರು ಡಿ.ಎಲ್.ಎಡ್. ಪ್ರವೇಶದ ವಯೋಮಿತಿಯನ್ನು, ಕೆ-ಟೆಟ್ ಕ್ಯಾಟಗರಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಂಡು ಮುಂದಾಗಲಿ. ಅಷ್ಟು ಸಮಯ ಇಲ್ಲದವರು ಹತ್ತಿರದ ಸರ್ಕಾರಿ ಎಲ್.ಪಿ. ಶಾಲೆಯ ಹೆಡ್ ಟೀಚರ್ ಬಳಿ ಹೋಗಿ, ಹಿಂದಿ ಮಾತಾಡುವ ಮಕ್ಕಳು ಇದ್ದಾರೆಯೇ, ವಾರಕ್ಕೆ ಎರಡು ಗಂಟೆ ಕಥೆ ಓದಿ ಹೇಳಬಹುದೇ ಎಂದು ಕೇಳಬಹುದು. ಶಾಲೆಯ ನಿಯಮಕ್ಕೆ ಒಳಪಟ್ಟು, ತರಬೇತಿ ಪಡೆದ ಟೀಚರಿನ ಕೈಕೆಳಗೆ ಮಾಡುವ ಸಹಾಯ ಅದು. ಆಕೆಯ ಜಾಗ ತುಂಬುವ ಕೆಲಸ ಅಲ್ಲ.

ಭಾನುವಾರ ಕನ್ನಡ ಕಲಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಇಂಗ್ಲಿಷ್, ಮಲಯಾಳಂನಲ್ಲಿ ಯೋಚಿಸುತ್ತಾರೆ. ಅವರಿಗೆ ಕನ್ನಡವೇ ಹೊಸ ಭಾಷೆ. ‘ಕನ್ನಡದಲ್ಲೇ ಹೇಳು’ ಎಂದು ಗದರಿಸಿದರೆ ಮಗು ಬಾಯಿ ಮುಚ್ಚುತ್ತದೆ. ಪಾಲ್ ಎಂದರೆ ನಮ್ಮ ಹಾಲು ಎಂದು ಅದಕ್ಕೆ ಗೊತ್ತಿರುವ ಮಾತಿನಿಂದ ಶುರುಮಾಡಿದರೆ ಮುಂದಿನ ಪದ ಅದೇ ಹೇಳುತ್ತದೆ.

ಕಾಸರಗೋಡಿನ ಕನ್ನಡದ ಮಗುವಿಗೆ ಕನ್ನಡ ಬಲ್ಲ ಟೀಚರ್ ಬೇಕು ಎಂದು ಕೇಳುವ ಹಕ್ಕು ನಮಗಿದೆ, ಕೇಳುತ್ತಲೇ ಇರೋಣ. ಪೆರುಂಬಾವೂರಿನ ಹಿಂದಿಯ, ಒಡಿಯಾದ ಮಗುವಿಗೂ ಅದನ್ನೇ ಕೇಳಿದರೆ ನಮ್ಮ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಈ ಶಾಲಾವರ್ಷದಲ್ಲಿ ನಮ್ಮ ವೇದಿಕೆಯಿಂದ ಇಬ್ಬರು ಮೂವರಾದರೂ ಅಂಥ ಒಂದು ತರಗತಿಯ ಬಾಗಿಲಿಗೆ ಹೋಗಲಿ.